ಅಕ್ಕಿ ರಾಶಿಯ ಲೆಕ್ಕ: ಮೂರನೇ ವಾರ, ಹುಸಿ ಕುಸಿತಗಳು

ಮಲ್ಲೇಶ್ವರದ ನಮ್ಮ ಅಡುಗೆಮನೆಯ ಕಟ್ಟೆ ಮತ್ತೆ ಅಮ್ಮನ ವಶವಾಗಿದೆ. ಬಾಸುಮತಿ ಡಬ್ಬ ಸೇರಿತು, ಪರಾತ ತೊಳೆದದ್ದಾಯಿತು. ಒಳ್ಳೆಯದೇ ಆಯಿತು, ಬಾಕಿ ಉಳಿದದ್ದು ಕಂಪ್ಯೂಟರಿನ ಕೆಲಸ. ಅಕ್ಕಿ ರಾಶಿಯ ಕುಸಿತಗಳು ಘಾತ ನಿಯಮವನ್ನು ಪಾಲಿಸುತ್ತವೆಯೇ ಎಂಬುದು ನನ್ನ ಪ್ರಶ್ನೆ. ಅಂದರೆ, ಸಣ್ಣವು ಲೆಕ್ಕವಿಲ್ಲದಷ್ಟು, ದೊಡ್ಡವು ಅಪರೂಪ, ಆದರೂ ತೀರಾ ದೊಡ್ಡವು ಒಮ್ಮೊಮ್ಮೆ ಬಂದೇ ಬರುವಂಥ ಹಂಚಿಕೆ.

ಈವರೆಗೆ ಮಾಡಿದ್ದು ಇಷ್ಟೇ: ಎಸ್.ಪಿ. ರಸ್ತೆಯಲ್ಲಿ ಕೊಂಡ ಪುಟ್ಟ ತಕ್ಕಡಿಯನ್ನು ಪರಾತದ ನಡುವೆ ಇಟ್ಟು, ಅದಕ್ಕಿಂತ ಅಗಲವಾದ ಮುಚ್ಚಳದ ಮೇಲೆ ಕಾಳುಗಳನ್ನು ಒಂದೊಂದಾಗಿ ಉದುರಿಸಿ, ಪ್ರತಿ ಕುಸಿತಕ್ಕೂ ತೂಕ ಎಷ್ಟು ಇಳಿಯಿತೆಂದು ಬರೆದುಕೊಂಡೆ. ಇಂಥ ಪ್ರಯೋಗವನ್ನು ನಾರ್ವೆಯಲ್ಲಿ ದೊಡ್ಡದಾಗಿಯೇ ಮಾಡಿ 1996ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿ ಉದ್ದ ಕಾಳಿನ ಅಕ್ಕಿ ಘಾತ ನಿಯಮವನ್ನು ಪಾಲಿಸಿತು, ಗಿಡ್ಡ ಕಾಳಿನದು ಪಾಲಿಸಲಿಲ್ಲ.

ನನ್ನ ಅಂಕಿಗಳನ್ನು ಲಾಗ್-ಲಾಗ್ ನಕ್ಷೆಯಲ್ಲಿ (ಎರಡೂ ಅಕ್ಷಗಳಲ್ಲಿ ಅಂಕಿ 1, 10, 100 ಎಂದು ಏರುವ ನಕ್ಷೆ, ಘಾತ ನಿಯಮ ಅಲ್ಲಿ ನೆಟ್ಟನೆಯ ಗೆರೆಯಾಗುತ್ತದೆ) ಹಾಕಿದಾಗ ಗೆರೆ ನೆಟ್ಟಗೆ ಬಂತು. ಕುಣಿದಾಡಿದೆ. ಮರುದಿನ ಲಾಗ್‌ನಾರ್ಮಲ್ ಎಂಬ, ಘಾತ ನಿಯಮವಲ್ಲದ ಹಂಚಿಕೆಯಿಂದ ಸುಮ್ಮನೆ ಹುಟ್ಟಿಸಿದ ಅಂಕಿಗಳನ್ನು ಹಾಕಿದರೆ ಅದೂ ಹೆಚ್ಚುಕಡಿಮೆ ನೆಟ್ಟಗೇ ಬಂತು! ಕಣ್ಣನ್ನು ನಂಬುವ ಕಾಲ ಮುಗಿಯಿತು.

ಹಾಗಾಗಿ ಸಂಶೋಧಕರಾದ ಕ್ಲಾಸೆಟ್, ಶಲೀಜಿ, ನ್ಯೂಮನ್ ಅವರು ಘಾತ ನಿಯಮದ ಪರೀಕ್ಷೆಗೆಂದು 2009ರಲ್ಲಿ ವಿವರಿಸಿದ ದಾರಿ ಹಿಡಿದೆ. ಮೊದಲು ಉಪಕರಣದ ಪರೀಕ್ಷೆ: ನಿಯಮವನ್ನು ಖಂಡಿತ ಪಾಲಿಸುವ ಹುಸಿ ಕುಸಿತಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸುವುದು. ಇದಕ್ಕೆ ಎರಡು ಅಂಕಿ ಬೇಕು: ದೊಡ್ಡ ಕುಸಿತಗಳು ಎಷ್ಟು ಬೇಗ ಅಪರೂಪವಾಗುತ್ತವೆ ಎಂದು ಹೇಳುವ ಆಲ್ಫಾ, ನಿಯಮ ಯಾವ ಗಾತ್ರದಿಂದ ಶುರು ಎಂದು ಹೇಳುವ ಕನಿಷ್ಠ ಬೆಲೆ. ಸೊನ್ನೆ ಮತ್ತು ಒಂದರ ನಡುವಿನ ಯಾದೃಚ್ಛಿಕ ಸಂಖ್ಯೆಯನ್ನು ಒಂದರಿಂದ ಕಳೆದು, ಉಳಿದದ್ದನ್ನು ಮೈನಸ್ ಒಂದು ಭಾಗಿಸು (ಆಲ್ಫಾ ಮೈನಸ್ ಒಂದು) ಎಂಬ ಘಾತಕ್ಕೇರಿಸಿ, ಕನಿಷ್ಠ ಬೆಲೆಯಿಂದ ಗುಣಿಸಿದರೆ ಒಂದು ಹುಸಿ ಕುಸಿತ ಸಿದ್ಧ. ಆಲ್ಫಾ 2.5, ಕನಿಷ್ಠ ಬೆಲೆ 1 ಎಂದಿಟ್ಟರೆ ಅರ್ಧದಷ್ಟು ಕುಸಿತಗಳು 1.59ರೊಳಗೇ ಮುಗಿಯುತ್ತವೆ. ಆದರೆ ಸರಾಸರಿ ಹತ್ತು ಸಾವಿರಕ್ಕೊಂದು 464ನ್ನು ದಾಟುತ್ತದೆ. ಪರದೆಯ ಮೇಲೆ ಒಂದು, ಒಂದೂವರೆಗಳ ಸಾಲಿನ ನಡುವೆ ಅಂಥದೊಂದು ಧುತ್ತೆಂದು ಎದ್ದು ನಿಂತಾಗ ಮೈ ಜುಮ್ಮೆಂದಿತು.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ನನ್ನ ದಾಖಲೆಯಂಥದೇ ಹುಸಿ ಕುಸಿತಗಳ ಕಂತೆಗಳನ್ನು ಹುಟ್ಟಿಸಿ, ನಿಯಮದಿಂದ ಅವು ಎಷ್ಟು ದೂರ ಸರಿಯುತ್ತವೆ, ಅಕ್ಕಿ ಎಷ್ಟು ಎಂದು ಹೋಲಿಸಬೇಕು. ಪ್ರತಿ ಹುಸಿ ಕಂತೆಯಲ್ಲೂ ಬಾಲದ ಪಾಲನ್ನು (ಕನಿಷ್ಠ ಬೆಲೆಯಿಂದ ಮೇಲಿನ ಕುಸಿತಗಳನ್ನು) ಸೂತ್ರದಿಂದ, ಅದಕ್ಕಿಂತ ಸಣ್ಣ ಕುಸಿತಗಳನ್ನು ನನ್ನದೇ ದಾಖಲೆಯಿಂದ ಚೀಟಿ ಎತ್ತಿದಂತೆ ಆರಿಸಿದೆ. ಅಲ್ಲಿಯವರೆಗೆ ಸರಿ. ಆದರೆ ಕಂತೆಗಳನ್ನು ನನ್ನ ಅಕ್ಕಿಯ ಆಲ್ಫಾ, ಅಕ್ಕಿಯ ಕನಿಷ್ಠ ಬೆಲೆಗಳಿಂದಲೇ ಅಳೆದೆ. ಅಸಲಿ ಅಂಕಿಗಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ, ಹುಸಿಗಳಿಗೆ ಎರವಲು ಅಂಗಿ! ಅವು ದೊಗಳೆಯಾಗಿ ಕಾಣದೆ ಇನ್ನೇನು? ಪಿ-ಮೌಲ್ಯ (ಅಕ್ಕಿಗಿಂತ ಹೆಚ್ಚು ದೂರ ಸರಿದ ಹುಸಿ ಕಂತೆಗಳ ಪಾಲು) ಸುಳ್ಳುಸುಳ್ಳೇ ಏರಿ, ಅಕ್ಕಿ ಸಲೀಸಾಗಿ ಪಾಸಾಯಿತು.

ಪ್ರತಿ ಕಂತೆಗೂ ಆಲ್ಫಾ, ಕನಿಷ್ಠ ಬೆಲೆ ಎರಡನ್ನೂ ಹೊಸದಾಗಿ ಅಂದಾಜಿಸುವಂತೆ ತಿದ್ದಿದೆ. 2500 ಕಂತೆಗಳು, ಏಕೆಂದರೆ ಪಿ-ಮೌಲ್ಯ ಎರಡನೇ ದಶಮಾಂಶದವರೆಗೆ ನೆಚ್ಚುವಂತಿರಲು ಅಷ್ಟಾದರೂ ಬೇಕು. ಲ್ಯಾಪ್‌ಟಾಪ್ ರಾತ್ರಿಯಿಡೀ ಬುಸುಗುಟ್ಟಿತು. ಬೆಳಿಗ್ಗೆ ನೋಡಿದರೆ ಪಿ-ಮೌಲ್ಯ 0.1ಕ್ಕಿಂತ ಕೆಳಗೆ, ಆ ಮೂವರ ಅಳತೆಗೋಲಿನ ಪ್ರಕಾರ ನನ್ನ ಬಾಸುಮತಿ ಫೇಲು.

ಪುಟ್ಟ ಮುಚ್ಚಳದ ಮೇಲೆ ದೊಡ್ಡ ಕುಸಿತಕ್ಕೆ ಜಾಗವೇ ಇಲ್ಲವೆಂಬುದು ನನ್ನ ಗುಮಾನಿ. ಅಗಲವಾದ ಹರಿವಾಣವೊಂದು ಅಟ್ಟದ ಮೇಲಿದೆ. ಅಮ್ಮನನ್ನು ಇನ್ನೂ ಕೇಳಿಲ್ಲ.