ತಪಾಸಣೆಗೆ ಮೊದಲು ಬರೆದ ಹಾಳೆ

ಬರುವ ಸೋಮವಾರ ಬೆಳಿಗ್ಗೆ ನಮ್ಮ ಯಜಮಾನರಿಗೂ ನನಗೂ ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯ ತಪಾಸಣೆ ಇದೆ. ಕಳೆದ ವರ್ಷ ನಾನು ಮಾಡಿಕೊಂಡಿದ್ದ ಸಿದ್ಧತೆ ಎಂದರೆ ರಾತ್ರಿ ಬೇಗ ಊಟ ಮುಗಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೈಸೂರಿನ ಒಂದು ಲ್ಯಾಬಿಗೆ ಹೋಗಿ ಕುಳಿತದ್ದು ಮಾತ್ರ. ಅಭ್ಯಾಸಬಲದಿಂದ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆಯನ್ನು ಎಂದಿನಂತೆ ಏಳು ಗಂಟೆಗೇ ನುಂಗಿದ್ದೆ. ನನ್ನ ಸರತಿ ಬರುವಷ್ಟರಲ್ಲಿ ಒಂಬತ್ತು ದಾಟಿ, ಕೈ ನಡುಗಿ, ಹಣೆ ಬೆವರಿ, ಎದುರಿನ ಗೋಡೆಯ ಗಡಿಯಾರವೇ ಕಾಣದಂತಾಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡೆನಾದರೂ ಆ ದಿನದ ರಕ್ತಪರೀಕ್ಷೆ ಅಲ್ಲಿಗೇ ಕೆಟ್ಟಿತು. ಆ ಮಾತ್ರೆ ದೇಹದಿಂದ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಗೆ ಏನೂ ಬೀಳದಿದ್ದರೆ ರಕ್ತದಲ್ಲಿರುವ ಸಕ್ಕರೆಯನ್ನೇ ಇಳಿಸಿಬಿಡುತ್ತದೆ ಎಂಬುದು ಅದನ್ನು ವರ್ಷಗಟ್ಟಲೆ ನುಂಗಿದ ನನಗೆ ಹೊಳೆದಿರಲಿಲ್ಲ.

ಆದ್ದರಿಂದ ಈ ಬಾರಿ ಮೊದಲೇ ವೈದ್ಯರಿಗೆ ಫೋನ್ ಮಾಡಿ ಕೇಳಿದೆ. ಬಿಪಿ ಮಾತ್ರೆಯನ್ನು ಬೆಳಿಗ್ಗೆ ಎರಡು ಗುಟುಕು ನೀರಿನಲ್ಲಿ ನುಂಗಬೇಕು, ಸಕ್ಕರೆ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತಿಂಡಿಯೊಂದಿಗೆ ತೆಗೆದುಕೊಳ್ಳಬೇಕು ಎಂದರು. ಇದು ನನಗೆ ಹೇಳಿದ ಮಾತು. ಇನ್ಸುಲಿನ್ ಚುಚ್ಚಿಕೊಳ್ಳುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಮ್ಮ ತಮ್ಮ ವೈದ್ಯರನ್ನೇ ಕೇಳಬೇಕು.

ಉಪವಾಸ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಏಕಾದಶಿ. ಹಾಲು, ಹಣ್ಣು, ಅವಲಕ್ಕಿ ಎಲ್ಲವೂ ನಡೆಯುವ ಆ ಉಪವಾಸಕ್ಕೂ ಲ್ಯಾಬಿನವರು ಹೇಳುವ 8ರಿಂದ 12 ಗಂಟೆಗಳ ಉಪವಾಸಕ್ಕೂ ಸಂಬಂಧವಿಲ್ಲ. ಇಲ್ಲಿ ಸಕ್ಕರೆ ಹಾಕದ ಕಾಫಿಯೂ ಸಲ್ಲದು. ನೀರನ್ನು ಮಾತ್ರ ಧಾರಾಳವಾಗಿ ಕುಡಿಯಬಹುದು, ಕುಡಿಯಲೂ ಬೇಕು, ಏಕೆಂದರೆ ನೀರು ಕಡಿಮೆಯಾದರೆ ವಯಸ್ಸಾದವರ ಕೈಯಲ್ಲಿ ರಕ್ತನಾಳ ಹುಡುಕುವುದು ಮತ್ತೂ ಕಷ್ಟ. ಇನ್ನು ನಮ್ಮ ಯಜಮಾನರು ತಪಾಸಣೆಗೆ ಒಂದು ವಾರವಿರುವಾಗ ಹೋಳಿಗೆ, ಮೈಸೂರು ಪಾಕನ್ನೆಲ್ಲ ತ್ಯಜಿಸಿ ಸಂನ್ಯಾಸಿಯಾಗುತ್ತಾರೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವುದರಿಂದ ದೀಪಾವಳಿಯ ಲೆಕ್ಕವೂ ಅದರಲ್ಲಿ ಸೇರಿರುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಆ ಒಂದು ವಾರದ ವ್ರತದ ಮೇಲೆಯೇ ನಂಬಿಕೆ.

ಯಾರೂ ಹೇಳಿಕೊಡದ ಒಂದು ತೊಡಕನ್ನು ಇಲ್ಲಿ ಬರೆಯಬೇಕು. ಹೊಟ್ಟೆಯ ಸ್ಕ್ಯಾನಿಂಗಿಗೆ ಮೂತ್ರಕೋಶ ತುಂಬಿರಬೇಕು, ಬಿಪಿ ನೋಡುವಾಗ ಅದು ಖಾಲಿಯಿರಬೇಕು. ಮೂತ್ರ ತಡೆದುಕೊಂಡು ಚಡಪಡಿಸುವವರ ಬಿಪಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ; ಕಳೆದ ಸಲ ನನ್ನದನ್ನು ಅಂಥ ಗಳಿಗೆಯಲ್ಲಿಯೇ, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ಅಳೆದಿದ್ದರು. ಸ್ಕ್ಯಾನಿಂಗ್ ಮುಗಿಸಿ, ಶೌಚಾಲಯಕ್ಕೆ ಹೋಗಿ ಬಂದು, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಸುಮ್ಮನೆ ಕುಳಿತ ಮೇಲೆಯೇ ತೋಳು ಚಾಚುತ್ತೇನೆಂದು ಈ ಸಲ ನಿರ್ಧರಿಸಿದ್ದೇನೆ.

ಮಗಳು ಬೆಂಗಳೂರಿನಿಂದ ದೊಡ್ಡ ಪ್ಯಾಕೇಜೊಂದನ್ನು ಕಾಯ್ದಿರಿಸಲು ಹೊರಟಿದ್ದಳು. ಅದರಲ್ಲಿದ್ದ ಸಿಎ-125ರಂಥ ಕ್ಯಾನ್ಸರ್ ಸೂಚಕ ಪರೀಕ್ಷೆಗಳನ್ನು ನಾನೇ ಬೇಡವೆಂದೆ. ಯಾವ ಲಕ್ಷಣವೂ ಇಲ್ಲದವರಲ್ಲಿ ಅದನ್ನು ಮಾಡಿಸುವಂತೆ ವೈದ್ಯರು ಸಲಹೆ ನೀಡುವುದಿಲ್ಲ, ಕ್ಯಾನ್ಸರ್ ಅಲ್ಲದ ಕಾರಣಗಳಿಗೂ ಅದು ಏರುತ್ತದೆ, ಏರಿದರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳಾದ್ದರಿಂದ ರಸೀದಿಯನ್ನು ಮಾತ್ರ ಜೋಪಾನವಾಗಿ ಇಡುತ್ತೇನೆ; ಹಳೆಯ ತೆರಿಗೆ ಪದ್ಧತಿಯಲ್ಲಿ ಇಂಥ ತಪಾಸಣೆಯ ಖರ್ಚಿಗೆ 5,000 ರೂಪಾಯಿಯವರೆಗೆ ಕಡಿತ ಸಿಗುತ್ತದೆ.

ನಿಜವಾದ ಸಿದ್ಧತೆ ನಡೆದದ್ದು ಮೊನ್ನೆ ಮಧ್ಯಾಹ್ನ, ಮಾತ್ರೆಗಳ ಡಬ್ಬಿಯನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿ ಒಂದು ಹಾಳೆಯಲ್ಲಿ ಪಟ್ಟಿ ಬರೆಯಲು ಕುಳಿತಾಗ. ವೈದ್ಯರು ಬರೆದುಕೊಟ್ಟ ನಾಲ್ಕು ಮಾತ್ರೆಗಳ ಜೊತೆಗೆ, ಅವರಿಗೆ ಗೊತ್ತೇ ಇಲ್ಲದ ಮೂರು ಸಿಕ್ಕವು. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ನಾನೇ ತಂದು ನುಂಗುವ ಮಾತ್ರೆ ಬಿಪಿಯನ್ನು ಏರಿಸಬಲ್ಲದು, ಮೂತ್ರಪಿಂಡಕ್ಕೂ ಭಾರ. ಕೂದಲು ಉದುರುವುದಕ್ಕೆಂದು ಮಗಳು ಕೊಟ್ಟ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದಾದ್ದರಿಂದ ವೈದ್ಯರ ಸಲಹೆಯಂತೆ ಅದನ್ನು ನಿಲ್ಲಿಸಿದ್ದೇನೆ. ಮೂರನೆಯದು ಅಶ್ವಗಂಧ ಚೂರ್ಣ. ಎಲ್ಲವನ್ನೂ ಬರೆದೆ.

ಹಾಳೆಯ ಹಿಂಬದಿಗೆ ಬೇರೆ ಪಟ್ಟಿ. ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಮಕ್ಕಳಿಗೆ ಹೇಳಿಲ್ಲ. ಹಾಸಿಗೆಯಿಂದ ಎದ್ದೊಡನೆ ತಲೆ ತಿರುಗುವುದುಂಟು. ನಿಂತಾಗಲೂ ಒಮ್ಮೆ ಬಿಪಿ ನೋಡಿ ಎಂದು ಕೇಳಬೇಕು. ಕೆಮ್ಮಿದರೆ, ಸೀನಿದರೆ ಮೂತ್ರ ಹನಿಯುವುದು ಎಂಬ ಸಾಲನ್ನು ಬರೆದೆ, ಹೊಡೆದುಹಾಕಿದೆ, ಕೆಳಗೆ ಮತ್ತೆ ಬರೆದೆ. ಆರು ವರ್ಷಗಳಿಂದ ಯಾವ ವೈದ್ಯರ ಎದುರೂ ಬಾಯಿಗೆ ಬಾರದ ಮಾತು ಅದು. ಅಲ್ಲಿಯೂ ನಾಲಿಗೆ ಏಳದಿದ್ದರೆ ಹಾಳೆಯನ್ನೇ ಅವರ ಕೈಗೆ ಕೊಡುವುದೆಂದು ಮಡಚಿ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ.