ಮೂಲ ಫೈಲ್ ಉಳಿಸಿ, ಆಮೇಲೆ ತಲೆ ಓಡಿಸಿ: ಎಆರ್‌ಜಿ ಆಡುವ ಕರಾವಳಿ ಗುಂಪುಗಳಿಗೆ

ಕಾಲೇಜು ಫೆಸ್ಟಿನ ಆನ್‌ಲೈನ್ ಟ್ರೆಜರ್ ಹಂಟ್ ಆಡಿ ಬಂದವರಿಗೆ ಆಲ್ಟರ್ನೇಟ್ ರಿಯಾಲಿಟಿ ಗೇಮ್, ಅಂದರೆ ಎಆರ್‌ಜಿ, ಮೊದಲಿಗೆ ಅದರ ಹಾಗೆಯೇ ಕಾಣುತ್ತದೆ. ನಿಜವಾದ ಜಾಲತಾಣ, ಇಮೇಲ್, ಜಾಗಗಳಲ್ಲಿ ಸುಳಿವು ಬಚ್ಚಿಟ್ಟು ಕಥೆ ನಡೆಸುವ ಆಟ ಇದು. ಟ್ರೆಜರ್ ಹಂಟಿನಲ್ಲಿ ಪ್ರಶ್ನೆ ಎಲ್ಲಿದೆ, ಉತ್ತರ ಎಲ್ಲಿ ತುಂಬಬೇಕು ಎಂದು ತೋರಿಸಿಕೊಟ್ಟಿರುತ್ತಾರೆ. ಎಆರ್‌ಜಿಯಲ್ಲಿ ಯಾವುದು ಪ್ರಶ್ನೆ ಎಂಬುದನ್ನೂ ನಾವೇ ಹುಡುಕಬೇಕು. 2001ರಲ್ಲಿ ಸ್ಪೀಲ್‌ಬರ್ಗ್ ಅವರ ‘ಎ.ಐ.’ ಚಿತ್ರದ ಪ್ರಚಾರಕ್ಕೆಂದು ನಡೆದ ಆಟ ಶುರುವಾದದ್ದು ತಂತ್ರಜ್ಞರ ಹೆಸರುಗಳ ನಡುವೆ ತುರುಕಿದ ಒಂದು ವಿಚಿತ್ರ ಹುದ್ದೆಯಿಂದ: ‘ಸೆಂಟಿಯೆಂಟ್ ಮೆಷಿನ್ ಥೆರಪಿಸ್ಟ್’. ಆ ಹುದ್ದೆಯ ಜೊತೆಗಿದ್ದ ಹೆಸರನ್ನು ಹುಡುಕಿಕೊಂಡು ಹೊರಟವರು ಸಾವಿರಾರು ಮಂದಿಯ ಗುಂಪಾಗಿ ಬೆಳೆದರು. ತಿಂಗಳುಗಟ್ಟಲೆ ಸಾಕಾಗುತ್ತದೆ ಎಂದು ತಯಾರಕರು ಅಂದುಕೊಂಡಿದ್ದ ಒಗಟುಗಳನ್ನು ಅವರು ನೋಡನೋಡುತ್ತಿದ್ದಂತೆ ಮುಗಿಸಿಬಿಟ್ಟರು.

ಅಷ್ಟು ಜನ ಸೇರಿದರೆ ಬುದ್ಧಿಗೆ ಕೊರತೆ ಇಲ್ಲ. ಕೊರತೆ ಬರುವುದು ಲೆಕ್ಕ ಇಡುವುದರಲ್ಲಿ. ಯಾರು ಏನು ನೋಡಿದರು, ಯಾವ ಕೀಲಿ ಹಾಕಿ ಸೋತರು ಎಂಬುದು ಬರೆದಿಲ್ಲದಿದ್ದರೆ ಐವತ್ತು ಜನ ಒಂದೇ ಗೋಡೆಗೆ ಐವತ್ತು ಸಲ ತಲೆ ಚಚ್ಚಿಕೊಳ್ಳುತ್ತಾರೆ.

ನಮ್ಮ ಕಡೆಯ ಗುಂಪುಗಳು ಹೆಚ್ಚಾಗಿ ಹಾಳು ಮಾಡಿಕೊಳ್ಳುವುದು ಮೊದಲ ಐದು ನಿಮಿಷದಲ್ಲೇ. ಚಿತ್ರವೊಂದು ಸಿಗುತ್ತದೆ, ಸಿಕ್ಕವರು ಅದನ್ನು ವಾಟ್ಸಾಪ್ ಗುಂಪಿಗೆ ಫೋಟೊ ಎಂದೇ ಕಳಿಸುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು. ವಾಟ್ಸಾಪ್ ಚಿತ್ರವನ್ನು ಮತ್ತೆ ಕುಗ್ಗಿಸಿ ಜೆಪೆಗ್ ಮಾಡುತ್ತದೆ, ಸ್ಥಳ ಮತ್ತು ಕ್ಯಾಮೆರಾ ಮಾಹಿತಿಯನ್ನು ಕಿತ್ತುಹಾಕುತ್ತದೆ. ಪಿಕ್ಸೆಲ್‌ಗಳ ಕೊನೆಯ ಬಿಟ್‌ನಲ್ಲಿ ಬಚ್ಚಿಟ್ಟ ಸಂದೇಶ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಇಡೀ ರಾತ್ರಿ, ಬಚ್ಚಿಟ್ಟದ್ದನ್ನು ಹೊರತೆಗೆಯುವ ತಂತ್ರಾಂಶವಾದ ಸ್ಟೆಗ್‌ಹೈಡ್ ಓಡಿಸಿದರೂ ಏನೂ ಬರುವುದಿಲ್ಲ, ಏಕೆಂದರೆ ಒಳಗೆ ಏನೂ ಉಳಿದಿಲ್ಲ. ಆದ್ದರಿಂದ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವೇ ಡ್ರೈವಿಗೆ ಹಾಕಿ ಲಿಂಕ್ ಕೊಡಿ. ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ. ಮೂಲ ಫೈಲಿನ ಶಾ-256 ಮೊತ್ತದ (ಫೈಲಿನ ಬೆರಳಚ್ಚಿನಂಥ ಗುರುತು) ಮೊದಲ ಎಂಟು ಅಕ್ಷರಗಳನ್ನು ಪಟ್ಟಿಯಲ್ಲಿ ಬರೆದಿಡಿ. ಕೆಲಸಕ್ಕೆ ಕೂರುವವರು ತಮ್ಮ ಕೈಯಲ್ಲಿರುವ ಪ್ರತಿಗೂ ಅದೇ ಮೊತ್ತ ಬರುತ್ತದೆಯೇ ಎಂದು ನೋಡಿಕೊಳ್ಳಲಿ. ಹತ್ತು ಸೆಕೆಂಡಿನ ಕೆಲಸ ಇದು.

ಪಟ್ಟಿ ಎಂದರೆ ಎಲ್ಲರೂ ತಿದ್ದಬಹುದಾದ ಒಂದು ಗೂಗಲ್ ಶೀಟ್ ಸಾಕು. ಸುಳಿವಿನ ಸಂಖ್ಯೆ, ಸಿಕ್ಕಿದ ಜಾಗ, ಸಿಕ್ಕಿದ ಹೊತ್ತು, ಮೂಲ ಫೈಲಿನ ಲಿಂಕ್, ಮಾಡಿ ನೋಡಿದ್ದು, ಮಾಡಿದವರು, ಸ್ಥಿತಿ, ಇಷ್ಟೇ ಕಾಲಂ. ಸ್ಥಿತಿಗೆ ಮೂರೇ ಪದ ಇಟ್ಟುಕೊಳ್ಳಿ: ಬಾಕಿ, ಬರಿಗೈ, ಬಿಡಿಸಿದ್ದು. ‘ಬರಿಗೈ’ ಸಾಲುಗಳೇ ಈ ಶೀಟಿನ ಆಸ್ತಿ. ‘ಸ್ಟೆಗ್‌ಹೈಡ್ ಹಾಕಿದೆ, ಆಗಲಿಲ್ಲ’ ಎಂದರೆ ಅದು ದಾಖಲೆ ಆಗುವುದಿಲ್ಲ. ಯಾವ ಪಾಸ್‌ವರ್ಡ್ ಹಾಕಿದಿರಿ, ಖಾಲಿ ಪಾಸ್‌ವರ್ಡ್ ಹಾಕಿ ನೋಡಿದಿರಾ, ಫೈಲ್ ಯಾವ ಬಗೆಯದು ಎಂದು ಬರೆಯಬೇಕು. ಸ್ಟೆಗ್‌ಹೈಡ್ ಪಿಎನ್‌ಜಿ ಫೈಲನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಜೆಪೆಗ್, ಬಿಎಂಪಿ, ವೇವ್‌ನಂಥವು ಬೇಕು. ಪಿಎನ್‌ಜಿಗೆ ಜೆಡ್‌ಸ್ಟೆಗ್. 2012ರ ಜನವರಿಯಲ್ಲಿ ಕಾಣಿಸಿಕೊಂಡ ‘ಸಿಕಾಡಾ 3301’ ಎಂಬ ಅನಾಮಿಕ ಗುಂಪಿನ ಒಗಟುಗಳಲ್ಲಿ ಬಳಕೆಯಾದದ್ದು ಔಟ್‌ಗೆಸ್. ಒಂದು ಸಾಧನದಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗಬಹುದಾದ್ದರಿಂದ ಸಾಧನದ ಹೆಸರಿಲ್ಲದ ಸಾಲನ್ನು ಅಳಿಸಿಹಾಕಿದರೂ ನಷ್ಟವಿಲ್ಲ.

ಶಬ್ದದ ಫೈಲಿಗೂ ಇದೇ ಮಾತು. 2007ರಲ್ಲಿ ನೈನ್ ಇಂಚ್ ನೇಲ್ಸ್ ಎಂಬ ರಾಕ್ ತಂಡದ ಆಟದಲ್ಲಿ ಲಿಸ್ಬನ್‌ನ ಕಾರ್ಯಕ್ರಮವೊಂದರ ಶೌಚಾಲಯದಲ್ಲಿ ಪೆನ್‌ಡ್ರೈವ್ ಇಟ್ಟಿದ್ದರು. ಅದರಲ್ಲಿದ್ದ ಹಾಡಿನ ಕೊನೆಯ ಕರಕರ ಸದ್ದನ್ನು ಸ್ಪೆಕ್ಟ್ರೋಗ್ರಾಂ, ಅಂದರೆ ಸದ್ದಿನ ಕಂಪನಾಂಕಗಳ ಚಿತ್ರ, ಮಾಡಿ ನೋಡಿದರೆ ಆಕಾಶದಿಂದ ಇಳಿದುಬಂದ ಕೈಯೊಂದರ ಚಿತ್ರ. ಸದ್ದು ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಟ್ರ್ಯಾಕಿನ ಮೆನುವಿಗೆ ಹೋಗಿ ಸ್ಪೆಕ್ಟ್ರೋಗ್ರಾಂ ಆರಿಸಿ, ಸ್ಕೇಲನ್ನು ಲೀನಿಯರ್ ಮಾಡಿ, ಮೇಲಿನ ಮಿತಿಯನ್ನು 20,000 ಹರ್ಟ್ಜ್‌ಗೆ ಏರಿಸಿ, ವಿಂಡೋ ಅಳತೆಯನ್ನು 2048 ಅಥವಾ 4096 ಇಡಿ. ಮಿತಿಯನ್ನು ಏರಿಸದೆ ‘ಏನೂ ಇಲ್ಲ’ ಎನ್ನುವವರೇ ಜಾಸ್ತಿ. 128 ಕೆಬಿಪಿಎಸ್‌ನ ಎಂಪಿ3ಯಲ್ಲಿ ಸುಮಾರು 16,000 ಹರ್ಟ್ಜ್‌ನ ಮೇಲಿನದು ಸಾಮಾನ್ಯವಾಗಿ ಕತ್ತರಿಸಿಹೋಗಿರುತ್ತದೆ, ಹಾಗಾಗಿ ಯಾರೋ ಪರಿವರ್ತಿಸಿ ಕಳಿಸಿದ ಪ್ರತಿ ನಂಬಬೇಡಿ.

ಇನ್ನು ಕನ್ನಡದಲ್ಲೇ ಬರುವ ಸುಳಿವುಗಳ ವಿಷಯ. ಇಂಗ್ಲಿಷ್ ಟ್ಯುಟೋರಿಯಲ್ ನೋಡಿ ಕಲಿತವರು ಎಡವುವುದು ಇಲ್ಲಿ.

ಮೊದಲನೆಯದಾಗಿ, ಅಕ್ಷರ ಎಂದರೆ ಏನು? ‘ಮಂಗಳೂರು’ ನಮ್ಮ ಬಾಯಿಗೆ ನಾಲ್ಕು ಅಕ್ಷರ, ಯೂನಿಕೋಡಿಗೆ ಏಳು ಸಂಕೇತ. ‘ಕ್ಷಿ’ ನಮಗೆ ಒಂದು, ಅದಕ್ಕೆ ನಾಲ್ಕು. ‘12ನೇ ಸಾಲಿನ 5ನೇ ಅಕ್ಷರ’ ಎಂಬ ಪುಸ್ತಕ ಸಂಕೇತವನ್ನು ಬಿಡಿಸುವಾಗ ಅರ್ಧ ಗುಂಪು ಹೀಗೆ, ಅರ್ಧ ಗುಂಪು ಹಾಗೆ ಎಣಿಸಿದರೆ ಎರಡು ಬೇರೆ ಉತ್ತರ ಬರುತ್ತದೆ, ಜಗಳವೂ ಬರುತ್ತದೆ. ಎಣಿಸುವ ಕ್ರಮ ಯಾವುದೆಂದು ಶೀಟಿನಲ್ಲಿ ಬರೆಯಿರಿ. ಪಾಸ್‌ವರ್ಡ್ ಕನ್ನಡದಲ್ಲಿದ್ದರೆ ಇನ್ನೊಂದು ಕಾಟ ಉಂಟು: ‘ಕೊ’ ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ಇನ್ನೊಂದನ್ನು ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕಣ್ಣಿಗೆ ಕಾಣದ ಜೋಡಕ ಚಿಹ್ನೆ ನಡುವೆ ನುಸುಳಿದ್ದರೂ ಇದೇ ಗತಿ. ‘ಉತ್ತರ ಸರಿ, ಆದರೂ ತೆರೆಯುತ್ತಿಲ್ಲ’ ಎಂದಾದರೆ ಜೋಡಕ ಚಿಹ್ನೆಯನ್ನು ಅಳಿಸಿ, ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತಂದು ಇನ್ನೊಮ್ಮೆ ಹಾಕಿ ನೋಡಿ.

ಮಾಹಿತಿಯನ್ನು ಅಕ್ಷರ-ಅಂಕಿಗಳಾಗಿ ಬರೆಯುವ ಬೇಸ್64 ಕ್ರಮದ ಸಾಲೊಂದು 4ಎಲ್‌ಕೆ ಅಥವಾ 4ಎಲ್‌ಒ ಎಂದು ಶುರುವಾದರೆ ಒಳಗೆ ಕನ್ನಡ ಲಿಪಿ ಇದೆ ಎಂದು ಬಿಚ್ಚುವ ಮೊದಲೇ ಹೇಳಬಹುದು. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಮೊದಲ ಎರಡು ಯಾವಾಗಲೂ ಇ0-ಬಿ2 ಅಥವಾ ಇ0-ಬಿ3. ಮೂರು ಬೈಟ್ ಸೇರಿ ಬೇಸ್64ರ ನಾಲ್ಕು ಅಕ್ಷರ ಆಗುವುದರಿಂದ ಮೊದಲ ಪದ ಮುಗಿಯುವವರೆಗೆ ಈ ಗುರುತು ಮತ್ತೆ ಮತ್ತೆ ಕಾಣುತ್ತದೆ. ಖಾಲಿ ಜಾಗ ಒಂದೇ ಬೈಟ್ ಆದ್ದರಿಂದ ಅದು ಬಂದ ಮೇಲೆ ಜೋಡಣೆ ಜರುಗುತ್ತದೆ.

ತಲೆಮೇಲೆ ಗೆರೆಗಳಿರುವ ಲ್ಯಾಟಿನ್ ಅಕ್ಷರಗಳ ರಾಶಿ, ಅದರಲ್ಲೂ ಓರೆಗೆರೆಯ ‘ಎ’ ಹೆಜ್ಜೆಹೆಜ್ಜೆಗೂ ಕಂಡರೆ ವಿಜನೇರ್, ಪ್ಲೇಫೇರ್‌ನಂಥ ಗೂಢಲಿಪಿ ಎಂದು ಹೊರಡಬೇಡಿ ಮಾರಾಯ್ರೆ. ಅದು ಹಳೆಯ ನುಡಿ ಫಾಂಟಿನ ಪಠ್ಯ. ಕಂದಾಯ ಇಲಾಖೆಯ ಗುಮಾಸ್ತರು ಒಂದು ನಿಮಿಷದಲ್ಲಿ ಓದಿಕೊಡುವುದನ್ನು ಸಂಕೇತ ಎಂದು ತಿಳಿದು ಎರಡು ದಿನ ಕಳೆಯುವವರು ಇದ್ದಾರೆ. ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಆಯಿತು.

ಸಂಖ್ಯೆ ಬೇಕಾದ ಕಡೆ ಅರ್ಥವಿಲ್ಲದ ಕನ್ನಡ ಪದ ಬಂದರೆ ಕಟಪಯಾದಿ ನೆನಪಿಸಿಕೊಳ್ಳಿ, ಅಕ್ಷರಗಳಿಗೆ ಅಂಕಿ ಕೊಡುವ ಹಳೆಯ ಪದ್ಧತಿ ಅದು. ಕ, ಟ, ಪ, ಯ ಇವಕ್ಕೆ 1. ಅಲ್ಲಿಂದ ಮುಂದೆ ವರ್ಗದ ಕ್ರಮದಲ್ಲಿ ಏರುತ್ತದೆ. ಞ, ನ ಮತ್ತು ಒಂಟಿ ಸ್ವರಗಳಿಗೆ ಸೊನ್ನೆ. ಕೊನೆಗೆ ಬಲದಿಂದ ಎಡಕ್ಕೆ ಓದಬೇಕು. ‘ಉಡುಪಿ’ ಎಂದರೆ 0, 3, 1, ತಿರುಗಿಸಿದರೆ 130. ‘ಮಂಗಳೂರು’ 5, 3, 9, 2; ತಿರುಗಿಸಿದರೆ 2935. ಅನುಸ್ವಾರ ಲೆಕ್ಕಕ್ಕಿಲ್ಲ. ಒತ್ತಕ್ಷರದಲ್ಲಿ ಸ್ವರಕ್ಕೆ ಹತ್ತಿರದ ವ್ಯಂಜನ ಹಿಡಿಯಬೇಕು ಎಂಬುದು ನಿಯಮ, ಆದರೆ ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳಲ್ಲಿ ಅದಕ್ಕೂ ಅಪವಾದ ಉಂಟು. ಅಲ್ಲಿ ಹೆಸರಿನ ಮೊದಲ ಎರಡು ಅಕ್ಷರ ರಾಗದ ಕ್ರಮಸಂಖ್ಯೆ ಹೇಳುತ್ತವೆ. ಮಾಯಾಮಾಳವಗೌಳ ನಿಯಮದಂತೆ 15. ಚಕ್ರವಾಕ ನಿಯಮದಂತೆ 26 ಆಗಬೇಕಿತ್ತು, ಇರುವುದು 16. ರಾಗದ ಹೆಸರು ಸುಳಿವಾಗಿ ಬಂದರೆ ಸಂಗೀತ ಕಲಿತವರನ್ನು ಕೇಳಿ, ಬರಿಯ ಕೋಷ್ಟಕ ನಂಬಬೇಡಿ. ಫೋಟೊದಿಂದ ಪಠ್ಯ ಎತ್ತುವ ತಂತ್ರಾಂಶಗಳು ‘ಧ’ದ ಸೀಳನ್ನು ನುಂಗಿ ‘ದ’ ಮಾಡುತ್ತವೆ. ಓದುವವರಿಗೆ ಅದು ಬರಿಯ ಕಾಗುಣಿತದ ತಪ್ಪು, ಕಟಪಯಾದಿಯಲ್ಲಿ 9 ಹೋಗಿ 8. ‘ಪ’ ಮತ್ತು ‘ಷ’ ಅದಲುಬದಲಾದರೆ 1 ಮತ್ತು 6. ಸೊನ್ನೆಗೂ ಅನುಸ್ವಾರಕ್ಕೂ, ೬ಕ್ಕೂ ೯ಕ್ಕೂ ಇದೇ ಗೊಂದಲ. ಸುಳಿವನ್ನು ಇಬ್ಬರು ಬೇರೆ ಬೇರೆಯಾಗಿ ಕೈಯಲ್ಲಿ ಟೈಪ್ ಮಾಡಿ ಹೋಲಿಸುವುದೇ ಸುರಕ್ಷಿತ.

ತುಳು ಲಿಪಿಯಲ್ಲಿ ಸುಳಿವು ಬಂದರೆ ಗುಂಪಿನಲ್ಲಿ ಯಾರಾದರೂ ಒಬ್ಬರು ಅದನ್ನು ಮಲಯಾಳಂ ಎಂದೇ ಹೇಳುತ್ತಾರೆ, ಹೋಲಿಕೆ ಅಷ್ಟಿದೆ. 2024ರ ಯೂನಿಕೋಡ್ 16ರಲ್ಲಿ ‘ತುಳು-ತಿಗಳಾರಿ’ಗೆ ಜಾಗ ಸಿಕ್ಕಿದ್ದರೂ ಎಲ್ಲ ಫೋನ್‌ಗಳಲ್ಲಿ ಫಾಂಟ್ ಇಲ್ಲ. ಕೆಲವರಿಗೆ ಲಿಪಿ ಕಂಡರೆ ಕೆಲವರಿಗೆ ಚೌಕ ಮಾತ್ರ ಕಾಣುತ್ತದೆ. ಚೌಕ ಕಂಡವರು ಅಳಿಸಬಾರದು, ಹಾಗೆಯೇ ಕಾಪಿ ಮಾಡಿ ಕೊಡಬೇಕು. ದಿನಾಂಕ ತುಳು ತಿಂಗಳಿನಲ್ಲಿ ‘ಆಟಿ 18’ ಎಂದಿದ್ದರೆ ಅದು ಜುಲೈ 18 ಅಲ್ಲ, ಆಗಸ್ಟಿನ ಮೊದಲ ವಾರ. ತುಳು ತಾರೀಕು ಹಾಕಿರುವ ಪಂಚಾಂಗದಲ್ಲಿ ಆ ವರ್ಷದ್ದನ್ನು ನೋಡಿಯೇ ತೀರ್ಮಾನಿಸಿ.

ಇಷ್ಟೆಲ್ಲ ಮಾಡುವ ಮೊದಲು ಸರಳವಾದದ್ದನ್ನು ನೋಡಿ. 575 ಅಥವಾ 576ರಿಂದ ಶುರುವಾಗುವ ಆರಂಕಿ ಸಂಖ್ಯೆ ಪಿನ್‌ಕೋಡ್ ಇರಬಹುದು. 0824, 0820 ಎಂದರೆ ಮಂಗಳೂರು, ಉಡುಪಿಯ ಎಸ್‌ಟಿಡಿ. 19, 20, 21 ಒಟ್ಟಿಗೆ ಬಂದರೆ ಮಂಗಳೂರು, ಉಡುಪಿ, ಪುತ್ತೂರಿನ ವಾಹನ ನೋಂದಣಿ.

ಹಾಗೆಂದು ಕಂಡದ್ದೆಲ್ಲ ಸುಳಿವಲ್ಲ. 2004ರ ‘ಐ ಲವ್ ಬೀಸ್’ ಆಟದಲ್ಲಿ 210 ಜಿಪಿಎಸ್ ಸ್ಥಾನಗಳೂ ಅವುಗಳ ಜೊತೆ ಹೊತ್ತುಗಳೂ ಸಿಕ್ಕಾಗ ಆಟಗಾರರು ಏನೇನೋ ಸಿದ್ಧಾಂತ ಕಟ್ಟಿದರು. ನಕ್ಷೆಯ ಮೇಲೆ ಗೆರೆ ಎಳೆದು ಆಕಾರ ಹುಡುಕಿದವರೂ ಇದ್ದರು. ಆ ಜಾಗಗಳಿಗೆ ಜನ ಹೋಗಿ ನೋಡಿದಾಗ ಗೊತ್ತಾಯಿತು, ಇದ್ದದ್ದು ಸಾರ್ವಜನಿಕ ಟೆಲಿಫೋನ್; ಹೇಳಿದ ಹೊತ್ತಿಗೆ ಅದು ರಿಂಗಾಗುತ್ತಿತ್ತು. ನಮ್ಮ ಅಳತೆಗೋಲು ಇದು: ಒಂದು ಊಹೆ ಹೊಸ ಪುಟ, ಹೊಸ ಪಾಸ್‌ವರ್ಡ್ ಅಥವಾ ಹೊಸ ಜಾಗ ಕೊಡಬೇಕು. ‘ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ’ ಎಂಬಲ್ಲಿಗೆ ನಿಂತರೆ ಅದು ‘ಬಾಕಿ’. ನಕಲಿ ಸುಳಿವು ಬಿತ್ತುವವರೂ ಇರುತ್ತಾರೆ. ಅದಕ್ಕೇ ಸಿಕಾಡಾದವರು ತಮ್ಮ ಸಂದೇಶಕ್ಕೆ ಪಿಜಿಪಿ ಸಹಿ, ಅಂದರೆ ಸಂದೇಶ ತಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿ, ಹಾಕುತ್ತಿದ್ದರು. ಸಹಿ ಇರುವ ಆಟದಲ್ಲಿ ಅದನ್ನು ಪರೀಕ್ಷಿಸದ ಸಾಲು ಶೀಟಿಗೆ ಬರಬಾರದು.

ಪಾತ್ರಗಳಿಗೆ ಇಮೇಲ್ ಬರೆಯುವ ಕೆಲಸ ಒಬ್ಬರಿಗೇ ವಹಿಸಿ. ಮೂವತ್ತು ಜನ ಮೂವತ್ತು ತರ ಬರೆದರೆ ಆಟ ನಡೆಸುವ ಸೂತ್ರಧಾರರು ಯಾರಿಗೂ ಉತ್ತರಿಸುವುದಿಲ್ಲ. ಹೊತ್ತಿನ ಬಗ್ಗೆಯೂ ಎಚ್ಚರ: ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯಾಹ್ನ 12 ನಮಗೆ ಅದೇ ರಾತ್ರಿ 12.30, ತಾರೀಕು ಮಾತ್ರ ಮರುದಿನದ್ದು. ಚಳಿಗಾಲದಲ್ಲಿ 1.30.

ಕೊನೆಗೆ ಹೊರಗಿನ ಓಡಾಟ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್, ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್. ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರಿಗಿಂತ ಹೆಚ್ಚು ಅತ್ತಿತ್ತ, ಅಂಥದ್ದನ್ನು ಹಿಡಿದು ಬೈಕ್ ಹತ್ತಬೇಡಿ. ಡಿಗ್ರಿ-ನಿಮಿಷವನ್ನು ದಶಮಾಂಶ ಎಂದು ಓದುವುದು ಇನ್ನೂ ದೊಡ್ಡ ಎಡವಟ್ಟು. ಮಲ್ಪೆ ಇರುವುದು ಸುಮಾರು 13 ಡಿಗ್ರಿ 21 ನಿಮಿಷ ಉತ್ತರ, 74 ಡಿಗ್ರಿ 42 ನಿಮಿಷ ಪೂರ್ವದಲ್ಲಿ. ದಶಮಾಂಶದಲ್ಲಿ ಅದು 13.35, 74.70. ಹಾಗೆ ಮಾಡದೆ 13.21, 74.42 ಎಂದು ಹೊಡೆದರೆ ನಕ್ಷೆ ಕಾಪುವಿನ ನೇರಕ್ಕೆ, ದಡದಿಂದ 30 ಕಿಲೋಮೀಟರಿಗಿಂತ ಹೆಚ್ಚು ದೂರ ಅರಬ್ಬೀ ಸಮುದ್ರದಲ್ಲಿ ಇಳಿಸುತ್ತದೆ. ಸಮುದ್ರಕ್ಕೆ ಬಿದ್ದರೆ ಪುಣ್ಯ, ತಪ್ಪು ತಕ್ಷಣ ಗೊತ್ತಾಗುತ್ತದೆ. ಅಕ್ಷಾಂಶ ಒಂದನ್ನೇ ತಪ್ಪಾಗಿ ಓದಿದವರು ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರ್ ಹೋಗಿ, ಕಾಪುವಿನ ದಡಕ್ಕೆ ಹತ್ತಿರದ ಗುರುತು ನೋಡಿ ಅಲ್ಲಿನ ಕಡಲತಡಿಯಲ್ಲಿ ಇಲ್ಲದ ಚೀಟಿ ಹುಡುಕುತ್ತಾರೆ.

ಹೋಗುವವರು ಇಬ್ಬರಾದರೂ ಇರಲಿ, ಹಗಲಿನಲ್ಲಿ ಹೋಗಲಿ. ಮೊದಲು ದೂರದಿಂದ ಒಂದು ಫೋಟೊ, ಆಮೇಲೆ ಹತ್ತಿರದ್ದು, ಚೀಟಿಯ ಹಿಂಬದಿಯದ್ದೂ ಒಂದು. ನಂತರ ಇದ್ದಲ್ಲೇ ಇಟ್ಟು ಬನ್ನಿ, ಬೇರೆ ಊರಿನ ಗುಂಪಿಗೂ ಅದು ಬೇಕು. ದೇವಸ್ಥಾನದ ಒಳಾಂಗಣ, ದೈವಸ್ಥಾನ, ನಾಗಬನ, ರೈಲು ಹಳಿ, ಬಂದರಿನ ಬೇಲಿಯ ಒಳಗೆ ಸುಳಿವು ಇದೆ ಎಂದು ನಿಮ್ಮ ಲೆಕ್ಕ ಹೇಳಿದರೆ ನಿಮ್ಮ ಲೆಕ್ಕವೇ ತಪ್ಪಿರಬೇಕು. ನೆಟ್ಟಗಿನ ಸೂತ್ರಧಾರರು ಅಲ್ಲಿ ಇಡುವುದಿಲ್ಲ. ಮಳೆಗಾಲದಲ್ಲಿ ಲ್ಯಾಮಿನೇಟ್ ಮಾಡದ ಕಾಗದ ಒಂದು ರಾತ್ರಿಯೂ ಬಾಳದು, ಶಾಯಿ ಹರಡಿ ಸಂಕೇತದ ಅಂಕಿಗಳು ಒಂದಕ್ಕೊಂದು ಅಂಟುತ್ತವೆ. ಸ್ಥಾನ ಸೇಂಟ್ ಮೇರೀಸ್ ದ್ವೀಪದ್ದಾಗಿದ್ದು ತಿಂಗಳು ಆಟಿಯಾದರೆ ಮೀನುಗಾರರನ್ನು ಕಾಡಿಬೇಡಿ ದೋಣಿ ಹತ್ತಬೇಡಿ. ಮಳೆಗಾಲದಲ್ಲಿ ಮಲ್ಪೆಯಿಂದ ಪ್ರವಾಸಿ ದೋಣಿ ಬಿಡುವುದಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ. ಶೀಟಿನಲ್ಲಿ ಆ ಸಾಲಿನ ಮುಂದೆ ‘ಬಾಕಿ, ದೋಣಿ ಶುರುವಾದ ಮೇಲೆ’ ಎಂದು ಬರೆದು ಮುಂದಿನ ಸುಳಿವಿಗೆ ಹೋಗಿ.