ಮೊಗ್ಗು ಬಿಟ್ಟು ದಿಕ್ಸೂಚಿಗೆ

ಶ್ರೀಲಂಕಾದ ಹಂಬನತೋಟ ಜಿಲ್ಲೆ ದೇಶವಾಳಿದ ರಾಜಪಕ್ಸ ಕುಟುಂಬದ ತವರು. 2019ರ ಅಧ್ಯಕ್ಷ ಚುನಾವಣೆಯಲ್ಲಿ ಮನೆಮಂದಿಯೆಲ್ಲ ಅವರ ಪಕ್ಷದ ಗುರುತಾದ ತಾವರೆ ಮೊಗ್ಗಿಗೇ ಓಟು ಹಾಕಿದ ಕುಟುಂಬಗಳು ಅಲ್ಲಿ ಕಡಿಮೆಯೇನಲ್ಲ. ಅಂಥ ಮನೆಗಳಲ್ಲಿ ಮೊದಲು ಮುನಿದದ್ದು ಗದ್ದೆ ಮಾಡುವ ದೊಡ್ಡಪ್ಪಂದಿರು. 2021ರ ಮೇ ತಿಂಗಳಲ್ಲಿ ರಾಜಪಕ್ಸರ ಸರ್ಕಾರ ರಸಗೊಬ್ಬರದ ಆಮದನ್ನು ನಿಷೇಧಿಸಿತು. ಯೂರಿಯಾ ಇಲ್ಲದ ಭತ್ತ ಹಳದಿಗೆ ತಿರುಗದೆ ಇನ್ನೇನು? ನವೆಂಬರಿನಲ್ಲಿ ನಿಷೇಧ ತೆಗೆಯುವ ಹೊತ್ತಿಗೆ ಭತ್ತದ ಮುಖ್ಯ ಬೆಳೆಗಾಲವಾದ ಮಹಾ ಹಂಗಾಮು ಶುರುವಾಗಿಬಿಟ್ಟಿತ್ತು.

ಆಮೇಲೆ ಆಟೋ ಓಡಿಸುವ ಅಳಿಯಂದಿರ ಸರದಿ. 2022ರ ಜುಲೈನಲ್ಲಿ ಬಂದ ಇಂಧನ ಪಡಿತರದ ಕ್ಯೂಆರ್ ಪಾಸಿನಲ್ಲಿ ವಾರಕ್ಕೆ ಆಟೋಗೆ 5 ಲೀಟರ್, ಬೈಕಿಗೆ 4. ಅಷ್ಟರಲ್ಲಿ ಬಾಡಿಗೆ ಹೊಡೆಯುವುದು ಎಲ್ಲಿಂದ ಬಂತು!

2024ರ ಅಧ್ಯಕ್ಷ ಚುನಾವಣೆಯಲ್ಲಿ ಆ ಜಿಲ್ಲೆಯೂ ದಿಕ್ಸೂಚಿ ಗುರುತಿನ ಅನುರ ಕುಮಾರ ದಿಸ್ಸನಾಯಕೆ ಕಡೆ ವಾಲಿತು. ಇಡೀ ದೇಶದ ಓಟಿನಲ್ಲಿ ಅರ್ಧ ಯಾರೂ ದಾಟದ್ದರಿಂದ, ಮತಪತ್ರದಲ್ಲಿ 2 ಎಂದು ಗುರುತಿಸಿದ ಎರಡನೇ ಪ್ರಾಶಸ್ತ್ಯವನ್ನೂ ಎಣಿಸಬೇಕಾಯಿತು. ಮನಸ್ಸು ಪೂರ್ತಿ ಮುರಿಯದ ಅಜ್ಜಿಯಂದಿರಿಗೆ ಇದು ಅನುಕೂಲ: 1 ಹಳಬರಿಗೆ, 2 ಮೊಮ್ಮಗ ಹೇಳಿದವರಿಗೆ.